ಪಿಸ್ಟನ್ ಮೇಲೆ ‘50’ ಅಂತ ಗುದ್ದಿದೆ, ಹಾಗಂದರೆ ಏನು?

ಪ್ರಶ್ನೆ: ಅಪ್ಪನ ಹಳೆ ಯಮಹಾ ಆರ್‌ಎಕ್ಸ್ 100 ಬೈಕಿನ ಇಂಜಿನ್ ಬಿಚ್ಚಿಸಿದ್ದೇವೆ. ಪಿಸ್ಟನ್ ತಲೆಯ ಮೇಲೆ 50 ಅಂತ ಗುದ್ದಿದೆ. ಹುಬ್ಬಳ್ಳಿಯ ಗುಜರಿ ಅಂಗಡಿಯಲ್ಲಿ ಒಂದು ಬ್ಲಾಕ್ (ಪಿಸ್ಟನ್ ಓಡಾಡುವ ಸಿಲಿಂಡರ್) ಸಿಕ್ಕಿದೆ, ಅದರ ಮೇಲೂ ಏನೇನೋ ನಂಬರ್‌ಗಳಿವೆ. ಇವೆರಡೂ ಜೋಡಿ ಆಗುತ್ತವಾ? ನಂಬರ್ ನೋಡಿ ಹೇಳುವುದು ಹೇಗೆ?
– ಗದಗದ ಓದುಗರು

ಉತ್ತರ: ಆರ್‌ಎಕ್ಸ್ 100ರ ಬೋರ್ (ಸಿಲಿಂಡರಿನ ಒಳ ವ್ಯಾಸ) 50 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) ಕೂಡ 50. ಹಾಗಾಗಿ 50 ಕಂಡ ಕೂಡಲೇ ‘ಕಂಪನಿ ಸೈಜ್ ಹಾಗೇ ಇದೆ’ ಅಂದುಕೊಳ್ಳುವವರು ಜಾಸ್ತಿ. ಆದರೆ ಪಿಸ್ಟನ್ ತಲೆಯ ಮೇಲೆ ಸುಮ್ನೆ 25, 50, 75 ಅಥವಾ 100 ಅಂತ ಇದ್ದರೆ ಅದು ಸಾಮಾನ್ಯವಾಗಿ ಓವರ್‌ಸೈಜ್ ಗುರುತು. 25 ಅಂದರೆ ಕಂಪನಿ ಸೈಜ್‌ಗಿಂತ 0.25 ಮಿ.ಮೀ., 50 ಅಂದರೆ ಅರ್ಧ ಮಿ.ಮೀ. ದಪ್ಪ. ಸ್ಟ್ಯಾಂಡರ್ಡ್ ಪಿಸ್ಟನ್ ಮೇಲೆ ಎಸ್‌ಟಿಡಿ ಅಂತ ಇರುತ್ತದೆ, ಇಲ್ಲವೇ ಸೈಜ್ ಬರೆದೇ ಇರುವುದಿಲ್ಲ. ಅಂದರೆ ನಿಮ್ಮ ಅಪ್ಪನವರ ಗಾಡಿಗೆ ಹಿಂದೆ ಯಾವಾಗಲೋ ಬೋರ್ ಮಾಡಿಸಿದ್ದಾರೆ (ಸಿಲಿಂಡರಿನ ಒಳಗನ್ನು ಕೊರೆಸಿ ಅಗಲ ಮಾಡಿಸಿದ್ದಾರೆ). ಖಾತ್ರಿ ಮಾಡಿಕೊಳ್ಳಲು ಪಿಸ್ಟನ್ನಿನ ಕೆಳಭಾಗವನ್ನು, ಅದನ್ನು ಕನೆಕ್ಟಿಂಗ್ ರಾಡ್‌ಗೆ ಸೇರಿಸುವ ಪಿನ್‌ಗೆ ಅಡ್ಡಲಾಗಿ, ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆಯಿರಿ. 50ಕ್ಕಿಂತ ಕೂದಲೆಳೆಯಷ್ಟು ಕಡಿಮೆ ಬಂದರೆ ಸ್ಟ್ಯಾಂಡರ್ಡ್, 50.5ರ ಹತ್ತಿರ ಬಂದರೆ ಓವರ್‌ಸೈಜ್.

ಗುಜರಿಯ ಬ್ಲಾಕ್ ಸ್ಟ್ಯಾಂಡರ್ಡ್ ಇದ್ದರೆ ಈ ಪಿಸ್ಟನ್ ಒಳಗೇ ಹೋಗುವುದಿಲ್ಲ. 1.00ರವರೆಗೆ ಬೋರ್ ಆಗಿದ್ದರೆ ಒಳಗೆ ಕಟಕಟ ಬಡಿಯುತ್ತದೆ. ಹಳೆ ಪಿಸ್ಟನ್ನಿಗೆ ಹೊಂದುವ ಬ್ಲಾಕ್ ಹುಡುಕುವ ಗೋಜು ಬೇಡ. ಮೊದಲು ಬ್ಲಾಕ್ ಅಳೆಸಿ, ಅದು ಯಾವ ಸೈಜಿಗೆ ಬರುತ್ತದೋ ಆ ಸೈಜಿನ ಹೊಸ ಪಿಸ್ಟನ್ ತನ್ನಿ. ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ ಲೇತ್ ಕೆಲಸಕ್ಕೆ ಹೋಗುವಾಗ ಆ ಪಿಸ್ಟನ್ ಕೈಯಲ್ಲೇ ಇರಲಿ. ಒಳ್ಳೆಯ ಬೋರಿಂಗ್ ಕೆಲಸದವರು ಪೊಟ್ಟಣದ ಮೇಲಿನ ನಂಬರ್ ನಂಬುವುದಿಲ್ಲ. ಆ ಪಿಸ್ಟನ್ನನ್ನೇ ಅಳೆದು, ಅದಕ್ಕೆ ಬೇಕಾದಷ್ಟು ಸಂದು ಬಿಟ್ಟು ಬೋರ್ ಹೊಡೆಯುತ್ತಾರೆ.

ಅಳತೆ ಒಂದನ್ನೇ ನಂಬಿದರೂ ಕಷ್ಟ. ಸ್ಪ್ಲೆಂಡರ್‌ನ 97.2 ಸಿಸಿ ಇಂಜಿನ್ನಿನ ಬೋರ್ ಕೂಡ 50 ಮಿ.ಮೀ.! ವರ್ನಿಯರ್‌ಗೆ ಎರಡೂ ಒಂದೇ. ಆದರೆ ಸ್ಪ್ಲೆಂಡರ್ ಫೋರ್ ಸ್ಟ್ರೋಕ್. ಅದರ ಪಿಸ್ಟನ್ ತಲೆಯಲ್ಲಿ ವಾಲ್ವ್‌ಗಳಿಗೆ ಗುಳಿ ಇರುತ್ತದೆ, ‘ಇನ್’ ಅಂತ ಬರೆದ ಕಡೆ ಇನ್‌ಟೇಕ್ ವಾಲ್ವ್‌ನತ್ತ ಕೂರಬೇಕು. ನಿಮ್ಮ ಟೂ ಸ್ಟ್ರೋಕ್ ಪಿಸ್ಟನ್ ಮೇಲೆ ಇರುವುದು ಬಾಣದ ಗುರುತು, ಅದು ಸೈಲೆನ್ಸರ್ ಕಡೆ ಮುಖ ಮಾಡಬೇಕು. ಪಿಸ್ಟನ್ ರಿಂಗ್ ಕೂರುವ ತೋಡಿನಲ್ಲಿ ರಿಂಗ್ ತಿರುಗದಂತೆ ಹಿಡಿಯುವ ಸಣ್ಣ ಪಿನ್ ಇದೆ, ನೋಡಿ. ಬಾಣ ಉಲ್ಟಾ ಆದರೆ ರಿಂಗಿನ ತುದಿ ಪೋರ್ಟ್‌ಗೆ (ಸಿಲಿಂಡರ್ ಗೋಡೆಯಲ್ಲಿರುವ ಕಿಂಡಿಗೆ) ಸಿಕ್ಕಿ ಮುರಿಯಬಹುದು. ಚೆನ್ನಾಗಿದ್ದ ಬ್ಲಾಕ್ ಇಷ್ಟು ಸಣ್ಣ ಗುರುತಿಗಾಗಿ ಹಾಳಾದರೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ.

ಇನ್ನು ಬ್ಲಾಕ್ ಮೇಲಿನ ನಂಬರ್‌ಗಳು. ಕೈಯಾಡಿಸಿ ನೋಡಿ. ಉಬ್ಬಿದ ಅಕ್ಷರಗಳು ಎರಕದ ಅಚ್ಚಿನಿಂದ ಬಂದವು. ಒಂದೇ ಅಚ್ಚಿನ ಎರಕವನ್ನು ಬೇರೆ ಬೇರೆ ಮಾಡೆಲ್‌ಗೆ ಬೇರೆ ಬೇರೆಯಾಗಿ ಕೊರೆಯುವುದುಂಟು. ಹಾಗಾಗಿ ಎರಕದ ನಂಬರ್ ಬ್ಲಾಕಿನ ಮನೆತನ ಹೇಳುತ್ತದೆ, ಈಗಿನ ಬೋರ್ ಸೈಜ್ ಹೇಳುವುದಿಲ್ಲ. ಗಡಿಯಾರದ ಹಾಗೆ ಸುತ್ತಲೂ 1ರಿಂದ 12 ಅಂಕಿ, ನಡುವೆ ಬಾಣ ಇದ್ದರೆ ಅದು ಎರಕ ಹೊಯ್ದ ತಿಂಗಳು.

ಅಂಗಡಿಯಲ್ಲಿ ಪೊಟ್ಟಣದ ಪಾರ್ಟ್ ನಂಬರ್ ಕೂಡ ಓದಿ. ಯಮಹಾದಲ್ಲಿ ಮೊದಲ ಮೂರು ಅಕ್ಷರ ಮಾಡೆಲ್‌ನದು, ನಂತರದ ಐದು ಅಂಕಿ ಪಾರ್ಟ್‌ನದು. 11631 ಅಂದರೆ ಸ್ಟ್ಯಾಂಡರ್ಡ್ ಪಿಸ್ಟನ್, 11635 ಮೊದಲ ಓವರ್‌ಸೈಜ್, 11636 ಎರಡನೆಯದು. ಹೋಂಡಾದಲ್ಲಿ ಪಾರ್ಟ್ ಮೊದಲು, ಮಾಡೆಲ್ ನಡುವೆ.

ಕಂಪನಿ ಯಾವುದಾದರೂ ಅರ್ಥ ಬದಲಾಗದ ನಂಬರ್ ಬೇರಿಂಗ್‌ನದು. 6204 ಎಲ್ಲೇ ಕೊಂಡರೂ ಒಳ ಅಳತೆ 20, ಹೊರಗೆ 47, ದಪ್ಪ 14 ಮಿ.ಮೀ. ಕೊನೆಯ 04ನ್ನು ಐದರಿಂದ ಗುಣಿಸಿದರೆ ಒಳ ಅಳತೆ ಸಿಗುತ್ತದೆ. ಈ ಲೆಕ್ಕ 04ರಿಂದ ಮೇಲಕ್ಕೆ ಮಾತ್ರ, 03 ಅಂದರೆ 17. ಹಳೆ ಬೇರಿಂಗ್ ಮೇಲೆ ಸಿ3 ಅಂತ ಇದ್ದರೆ ಹೊಸದರ ಮೇಲೂ ಸಿ3 ಇರಲೇಬೇಕು. ಇಂಜಿನ್ ಬಿಸಿಯಾದಾಗ ಹಿಗ್ಗಲು ಜಾಗ ಇರಲಿ ಅಂತ ಗುಂಡುಗಳ ಸಂದು ಹೆಚ್ಚಿಟ್ಟ ಗುರುತು ಅದು. ‘ಸಿ3 ಇಲ್ಲದ್ದೂ ನಡೀತದ್ರೀ’ ಅಂದರೆ ಒಪ್ಪಬೇಡಿ.

ಆರ್‌ಸಿ ಚಿಂತೆ ಇದ್ದರೆ, ಇಂಜಿನ್ ನಂಬರ್ ಇರುವುದು ಕ್ರ್ಯಾಂಕ್‌ಕೇಸ್ ಮೇಲೆ, ಬ್ಲಾಕ್ ಮೇಲಲ್ಲ. ಬ್ಲಾಕ್ ಬದಲಿಸಿದರೆ ಆರ್‌ಸಿಯಲ್ಲಿ ಏನೂ ಬದಲಾಗುವುದಿಲ್ಲ. ಕ್ರ್ಯಾಂಕ್‌ಕೇಸ್ ಬದಲಿಸಿದರೆ ಮಾತ್ರ ಆರ್‌ಟಿಒದಲ್ಲಿ ದಾಖಲೆ ಮಾಡಿಸಬೇಕು. ನಂಬರ್ ಉಜ್ಜಿ ಅಳಿಸಿದ ಕೇಸ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಕೊಳ್ಳಬೇಡಿ.