ಪಿಟ್ಯುಟರಿಯ ಬಾಗಿಲು ತೆಗೆಯುವ ಕ್ಯಾಲ್ಸಿಯಂ

ಪಿಟ್ಯುಟರಿ ಗ್ರಂಥಿ ಇರುವುದು ಮಿದುಳಿನ ತಳದಲ್ಲಿ. ತೂಕ ಹೆಚ್ಚುಕಡಿಮೆ ಅರ್ಧ ಗ್ರಾಂ. ಮೈ ಬೆಳೆಯುವುದು, ಎದೆಹಾಲು ಬರುವುದು, ಮುಟ್ಟಾಗುವುದು, ಥೈರಾಯ್ಡ್ ಕೆಲಸ ಮಾಡುವುದು ಎಲ್ಲದರ ಹಿಂದೆಯೂ ಇದರ ಹಾರ್ಮೋನ್‌ಗಳಿವೆ. ಈ ಹಾರ್ಮೋನ್‌ಗಳು ಬೇಕಾದ ಹೊತ್ತಿಗೆ ಹೊಸದಾಗಿ ತಯಾರಾಗಿ ಹೊರಬರುವುದಿಲ್ಲ. ಮೊದಲೇ ತಯಾರಾಗಿ, ಪುಟ್ಟ ಪುಟ್ಟ ಚೀಲಗಳಲ್ಲಿ ತುಂಬಿಕೊಂಡು ಜೀವಕೋಶದೊಳಗೆ ಕಾಯುತ್ತಿರುತ್ತವೆ. ಹಾಗಾದರೆ ‘ಈಗ ಬಿಡು’ ಅಂತ ಆ ಚೀಲಗಳಿಗೆ ಹೇಳುವವರು ಯಾರು? ಕ್ಯಾಲ್ಸಿಯಂ. ಮೂಳೆಗೆ, ಹಲ್ಲಿಗೆ ಬೇಕು ಅಂತ ನಮಗೆಲ್ಲ ಗೊತ್ತಿರುವ ಅದೇ ಕ್ಯಾಲ್ಸಿಯಂ.

ಇದು ಗೊತ್ತಾಗಲು ಬಹಳ ಕಾಲ ಹಿಡಿಯಿತು. ಮೊದಲ ಸುಳಿವು ಸಿಕ್ಕಿದ್ದು ಕಪ್ಪೆಯ ಹೃದಯದಲ್ಲಿ. ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್ ದೇಹದಿಂದ ಹೊರತೆಗೆದ ಹೃದಯವನ್ನು ಉಪ್ಪುನೀರಿನಲ್ಲಿಟ್ಟು ಬಡಿಯುವಂತೆ ಮಾಡುತ್ತಿದ್ದರು. ನಲ್ಲಿ ನೀರಿನಲ್ಲಿ ದ್ರಾವಣ ಮಾಡಿದರೆ ಹೃದಯ ಚೆನ್ನಾಗಿ ಬಡಿಯುತ್ತಿತ್ತು. ಬಟ್ಟಿ ಇಳಿಸಿದ ನೀರಿನಲ್ಲಿ ಮಾಡಿದರೆ ಬಡಿತ ನಿಂತುಹೋಗುತ್ತಿತ್ತು. ನಲ್ಲಿ ನೀರಿನಲ್ಲಿದ್ದ ಕ್ಯಾಲ್ಸಿಯಂ ಇದಕ್ಕೆ ಕಾರಣ ಅಂತ ಅವರು 1883ರಲ್ಲಿ ಬರೆದರು. ಕ್ಯಾಲ್ಸಿಯಂ ಬರೀ ಗಟ್ಟಿ ವಸ್ತು ಅಲ್ಲ, ಜೀವಕೋಶವನ್ನು ಕೆಲಸಕ್ಕೆ ಹಚ್ಚುತ್ತದೆ ಅನ್ನುವ ಮಾತು ಅಲ್ಲಿಂದ ಶುರುವಾಯಿತು.

ಸ್ರವಿಸುವ ಜೀವಕೋಶಗಳತ್ತ ಈ ಮಾತು ತಿರುಗಿದ್ದು 1961ರಲ್ಲಿ. ವಿಲಿಯಂ ಡಗ್ಲಸ್ ಮತ್ತು ರೊನಾಲ್ಡ್ ರೂಬಿನ್ ಬೆಕ್ಕಿನ ಅಡ್ರಿನಲ್ ಗ್ರಂಥಿಯನ್ನು ಪರೀಕ್ಷಿಸಿದರು. ಸುತ್ತಲಿನ ದ್ರವದಲ್ಲಿ ಕ್ಯಾಲ್ಸಿಯಂ ಇಲ್ಲದಿದ್ದರೆ, ಎಷ್ಟು ಪ್ರಚೋದಿಸಿದರೂ ಗ್ರಂಥಿ ಹಾರ್ಮೋನ್ ಬಿಡಲಿಲ್ಲ. 1964ರಲ್ಲಿ ಡಗ್ಲಸ್ ಮತ್ತು ಪಾಯ್ಸ್‌ನರ್ ಪಿಟ್ಯುಟರಿಯ ಹಿಂಭಾಗದಲ್ಲೂ ಇದನ್ನೇ ಕಂಡರು. ಅಲ್ಲಿಂದ ವಾಸೊಪ್ರೆಸಿನ್ ಅನ್ನುವ ಹಾರ್ಮೋನ್ ಹೊರಬರಲು ಕ್ಯಾಲ್ಸಿಯಂ ಬೇಕೇಬೇಕಿತ್ತು. ಆದರೆ ಹಿಂಭಾಗದಲ್ಲಿರುವುದು ನಿಜವಾಗಿ ಮಿದುಳಿನಿಂದ ಇಳಿದುಬಂದ ನರಗಳ ತುದಿ. ಮುಂಭಾಗದ ಕಥೆಯೇ ಬೇರೆ. ಅಲ್ಲಿರುವುದು ಅಪ್ಪಟ ಗ್ರಂಥಿಯ ಜೀವಕೋಶಗಳು. ನರದ ತಂತಿ ನೇರವಾಗಿ ಅವುಗಳಿಗೆ ಬಂದು ತಾಗುವುದಿಲ್ಲ. ಮಿದುಳಿನ ಒಂದು ಭಾಗವಾದ ಹೈಪೋಥಲಾಮಸ್ ಕಳಿಸುವ ರಾಸಾಯನಿಕಗಳು ಸಣ್ಣ ರಕ್ತನಾಳಗಳ ಮೂಲಕ ಇಲ್ಲಿಗೆ ಬರುತ್ತವೆ ಅಂತ ಜೆಫ್ರಿ ಹ್ಯಾರಿಸ್ ಪಟ್ಟುಹಿಡಿದು ವಾದಿಸಿದ್ದರು. ರೋಜೆ ಗಿಯೆಮಾ ಮತ್ತು ಆಂಡ್ರ್ಯೂ ಶಾಲಿ ಅವರ ತಂಡಗಳು ಆ ರಾಸಾಯನಿಕಗಳನ್ನು ಬೇರ್ಪಡಿಸಿ ತೋರಿಸಿದಾಗ ಆ ವಾದ ಗೆದ್ದಿತು. 1977ರ ನೊಬೆಲ್‌ನಲ್ಲಿ ಇಬ್ಬರಿಗೂ ಪಾಲು ಸಿಕ್ಕಿತು.

ಗ್ರಂಥಿಯ ಜೀವಕೋಶ ಅಂದಮೇಲೆ ಅದರಲ್ಲಿ ನರಕೋಶದ ಹಾಗೆ ವಿದ್ಯುತ್ ಮಿಡಿತ ಇರಲಿಕ್ಕಿಲ್ಲ ಅಂತ ಅನ್ನಿಸುವುದು ಸಹಜ, ಅಲ್ವಾ? 1975ರಲ್ಲಿ ಯೋಶಿಯಾಕಿ ಕಿಡೊಕೊರೊ ಇಲಿಯ ಪಿಟ್ಯುಟರಿ ಗಡ್ಡೆಯಿಂದ ಬೆಳೆಸಿದ ಜೀವಕೋಶಗಳನ್ನು ನೋಡಿದರು. ಅವು ಯಾರೂ ಮುಟ್ಟದಿದ್ದರೂ ತಾವಾಗಿಯೇ ಮಿಡಿಯುತ್ತಿದ್ದವು! ಆ ಮಿಡಿತವನ್ನು ಹೊತ್ತು ಒಳಬರುತ್ತಿದ್ದದ್ದು ಕ್ಯಾಲ್ಸಿಯಂ.

ಇಲ್ಲಿ ಸ್ವಲ್ಪ ನಿಂತು ಲೆಕ್ಕ ನೋಡಬೇಕು. ಸುಮ್ಮನಿರುವ ಜೀವಕೋಶದ ಒಳಗೆ ಬಿಡಿಯಾಗಿ ಓಡಾಡುವ ಕ್ಯಾಲ್ಸಿಯಂ ತೀರಾ ಕಡಿಮೆ. ಹೊರಗೆ ಅದರ ಸುಮಾರು 10,000 ಪಟ್ಟು ಜಾಸ್ತಿ. ಈ ಅಂತರ ಉಳಿಸಿಕೊಳ್ಳಲು ಜೀವಕೋಶ ಒಂದೇ ಸಮನೆ ಕ್ಯಾಲ್ಸಿಯಂ ಅನ್ನು ಆಚೆ ತಳ್ಳುತ್ತಿರುತ್ತದೆ. ಹಾಗಾಗಿ ಜೀವಕೋಶದ ಪೊರೆಯಲ್ಲಿರುವ ಪುಟ್ಟ ಬಾಗಿಲು, ಅಂದರೆ ಚಾನೆಲ್, ಕ್ಷಣಕಾಲ ತೆರೆದರೂ ಸಾಕು, ಒಳಗಿನ ಮಟ್ಟ ದಿಢೀರನೆ ಏರುತ್ತದೆ. ಆಗ ಚೀಲಗಳು ಪೊರೆಗೆ ಕೂಡಿಕೊಂಡು ಹಾರ್ಮೋನ್ ಹೊರಗೆ ಸುರಿಯುತ್ತವೆ.

ಕ್ಯಾಲ್ಸಿಯಂ ಬರಲು ಇನ್ನೊಂದು ದಾರಿಯೂ ಇತ್ತು. ಹೊರಗಿನಿಂದಲೇ ಬರಬೇಕೆಂದಿಲ್ಲ, ಒಳಗಿನ ಉಗ್ರಾಣದಿಂದಲೂ ಬರಬಹುದು. ಆ ಉಗ್ರಾಣದ ಬೀಗ ತೆಗೆಯುವ ಅಣು ಐಪಿ3 ಅಂತ ಮೈಕೆಲ್ ಬೆರಿಡ್ಜ್ ಮತ್ತು ಜೊತೆಗಾರರು 1983ರಲ್ಲಿ ತೋರಿಸಿದರು. ಅವರು ಬಳಸಿದ್ದು ಮೇದೋಜೀರಕ ಗ್ರಂಥಿಯ ಜೀವಕೋಶ. ಆದರೆ ಪಿಟ್ಯುಟರಿಯಲ್ಲೂ ಇದೇ ಬೀಗ, ಇದೇ ಕೀಲಿ. 1985ರಲ್ಲಿ ರೋಜರ್ ಚಿಯೆನ್ ಅವರ ತಂಡ ಫ್ಯೂರಾ-2 ಅನ್ನುವ ಬಣ್ಣ ತಯಾರಿಸಿತು. ಅದು ಕ್ಯಾಲ್ಸಿಯಂಗೆ ಅಂಟಿಕೊಂಡಾಗ ಅದು ಬೆಳಗುವ ರೀತಿ ಬದಲಾಗುತ್ತದೆ. ಬದುಕಿರುವ ಜೀವಕೋಶದಲ್ಲಿ ಕ್ಯಾಲ್ಸಿಯಂ ಏರಿಳಿಯುವುದು ಇದರಿಂದ ಇನ್ನಷ್ಟು ಸ್ಪಷ್ಟವಾಗಿ ಕಾಣತೊಡಗಿತು.

ಈ ಇಡೀ ಕಥೆಯಲ್ಲಿ ನನಗೆ ತುಂಬ ಇಷ್ಟವಾದ ಪ್ರಯೋಗ 1993ರದು. ಅಂಡಾಶಯ ಮತ್ತು ವೃಷಣಗಳನ್ನು ಎಚ್ಚರಿಸುವ ಹಾರ್ಮೋನ್ ಬಿಡುವ ಜೀವಕೋಶಕ್ಕೆ ಗೊನಡೊಟ್ರೋಫ್ ಅನ್ನುತ್ತಾರೆ. ಅದಕ್ಕೆ ಹೈಪೋಥಲಾಮಸ್‌ನಿಂದ ಬರುವ ಆಜ್ಞೆ ಜಿಎನ್‌ಆರ್‌ಎಚ್. ಚೀಲವೊಂದು ಪೊರೆಗೆ ಸೇರಿದಾಗ ಪೊರೆಯ ವಿಸ್ತೀರ್ಣ ಒಂದಿಷ್ಟು ಹಿಗ್ಗುತ್ತದೆ. ಆ ಹಿಗ್ಗನ್ನು ವಿದ್ಯುತ್ ಉಪಕರಣದಿಂದ ಅಳೆಯಬಹುದು. ಬರ್ಟಿಲ್ ಹಿಲ್ಲೆ ಅವರೂ ಇದ್ದ ತಂಡ ಇಲಿಯ ಗೊನಡೊಟ್ರೋಫ್‌ಗೆ ಜಿಎನ್‌ಆರ್‌ಎಚ್ ಕೊಟ್ಟು, ಕ್ಯಾಲ್ಸಿಯಂ ಮತ್ತು ಪೊರೆ ಎರಡನ್ನೂ ಒಟ್ಟಿಗೆ ಅಳೆಯಿತು. ಉಗ್ರಾಣದಿಂದ ಕ್ಯಾಲ್ಸಿಯಂ ಅಲೆ ಅಲೆಯಾಗಿ ಹೊರಬಂತು. ಪ್ರತಿ ಅಲೆಗೂ ಒಂದು ಕಂತು ಚೀಲಗಳು ಖಾಲಿಯಾದವು. ಕ್ಯಾಲ್ಸಿಯಂ ಇದ್ದರೆ ಸಾಲದು, ಅದು ಯಾವ ಲಯದಲ್ಲಿ ಬರುತ್ತದೆ ಅನ್ನುವುದೇ ಮುಖ್ಯ ಅಂತ ಇಷ್ಟು ಸ್ಪಷ್ಟವಾಗಿ ಕಾಣಿಸುವ ಪ್ರಯೋಗ ಅಪರೂಪ.

ಲಯದ ಮಾತು 2001ರಲ್ಲಿ ಇನ್ನಷ್ಟು ಆಳಕ್ಕೆ ಹೋಯಿತು. ಸ್ಟಾನ್ಕೊ ಸ್ಟೊಯಿಲ್ಕೊವಿಚ್ ಅವರ ತಂಡ ಇಲಿಯ ಮೂರು ಬಗೆಯ ಪಿಟ್ಯುಟರಿ ಜೀವಕೋಶಗಳನ್ನು ಹೋಲಿಸಿತು. ಮೂರೂ ತಾವಾಗಿಯೇ ಮಿಡಿಯುತ್ತವೆ. ಆದರೆ ಗೊನಡೊಟ್ರೋಫ್‌ನ ಮಿಡಿತ ಚುರುಕು, ಕ್ಷಣಿಕ. ಅದರಿಂದ ಒಳಬರುವ ಕ್ಯಾಲ್ಸಿಯಂ ಹಾರ್ಮೋನ್ ಬಿಡಿಸಲು ಸಾಲುವುದಿಲ್ಲ. ಆಜ್ಞೆ ಬರುವ ತನಕ ಅದು ಬಾಯಿಮುಚ್ಚಿಕೊಂಡೇ ಇರುತ್ತದೆ. ಎದೆಹಾಲು ತರಿಸುವ ಪ್ರೊಲ್ಯಾಕ್ಟಿನ್ ಬಿಡುವ ಮತ್ತು ಬೆಳವಣಿಗೆ ಹಾರ್ಮೋನ್ ಬಿಡುವ ಜೀವಕೋಶಗಳ ಮಿಡಿತ ಹಾಗಲ್ಲ, ಸೆಕೆಂಡುಗಟ್ಟಲೆ ಎಳೆಯುತ್ತದೆ. ಕ್ಯಾಲ್ಸಿಯಂ ಧಾರಾಳವಾಗಿ ಒಳಬರುತ್ತದೆ, ಹಾರ್ಮೋನ್ ಆಜ್ಞೆಗೆ ಕಾಯದೆಯೇ ಹೊರಬೀಳುತ್ತದೆ.

ಹೀಗಾಗಿಯೇ ಪ್ರೊಲ್ಯಾಕ್ಟಿನ್ ವಿಷಯದಲ್ಲಿ ಮಿದುಳಿನ ಮುಖ್ಯ ಕೆಲಸ ಅಪ್ಪಣೆ ಕೊಡುವುದಲ್ಲ, ತಡೆಯುವುದು. ಆ ಕೆಲಸವನ್ನು ಮಿದುಳಿನಿಂದ ಬರುವ ಡೋಪಮಿನ್ ಅನ್ನುವ ರಾಸಾಯನಿಕ ಮಾಡುತ್ತದೆ. ಅದು ಪೊಟ್ಯಾಸಿಯಂ ಚಾನೆಲ್ ತೆರೆದು ಮಿಡಿತವನ್ನು ಅಡಗಿಸುತ್ತದೆ, ಕ್ಯಾಲ್ಸಿಯಂ ಚಾನೆಲ್‌ಗಳನ್ನೂ ಹಿಡಿದು ನಿಲ್ಲಿಸುತ್ತದೆ. ಪ್ರೊಲ್ಯಾಕ್ಟಿನ್ ಮಿತಿಮೀರಿ ಸುರಿಸುವ ಪಿಟ್ಯುಟರಿ ಗಡ್ಡೆಗೆ ವೈದ್ಯರು ಕೊಡುವ ಕ್ಯಾಬರ್ಗೊಲಿನ್ ಮಾತ್ರೆ ಡೋಪಮಿನ್‌ನ ಜಾಗದಲ್ಲೇ ಹೋಗಿ ಕೂರುತ್ತದೆ. ಅದರಿಂದ ಎಷ್ಟೋ ಜನರಿಗೆ ಶಸ್ತ್ರಚಿಕಿತ್ಸೆಯೇ ಬೇಕಾಗುವುದಿಲ್ಲ.

ಇಷ್ಟೂ ತಿಳಿದದ್ದು ಬಹುತೇಕ ಒಂಟಿ ಜೀವಕೋಶಗಳಿಂದ. 2005ರಲ್ಲಿ ಫ್ರಾನ್ಸಿನ ಪ್ಯಾಟ್ರಿಸ್ ಮೊಲ್ಲಾರ್ ಅವರ ತಂಡ ಚಿಕ್ಕ ಜಾತಿಯ ಇಲಿಗಳ ಪಿಟ್ಯುಟರಿಯ ಜೀವಕೋಶಗಳನ್ನು ಬಿಡಿಬಿಡಿಯಾಗಿ ಬೇರ್ಪಡಿಸದೆ ನೋಡಿತು. ಬೆಳವಣಿಗೆ ಹಾರ್ಮೋನ್‌ನ ಜೀವಕೋಶಗಳು ಚದುರಿ ಬಿದ್ದಿರಲಿಲ್ಲ. ಒಂದಕ್ಕೊಂದು ತಾಗಿಕೊಂಡು ಗ್ರಂಥಿಯ ಉದ್ದಕ್ಕೂ ಬಲೆಯಂತೆ ಹಬ್ಬಿದ್ದವು. ಹೈಪೋಥಲಾಮಸ್‌ನ ಆಜ್ಞೆ ಬಿದ್ದಾಗ ಆ ಬಲೆಯ ಜೀವಕೋಶಗಳಲ್ಲಿ ಕ್ಯಾಲ್ಸಿಯಂ ಜೊತೆಜೊತೆಯಾಗಿ ಏರಿತು.