ಪಟ್ಟೆತಲೆ ಹೆಬ್ಬಾತು: ಗುರುತು ಮತ್ತು ದಿನಚರಿ

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಹಕ್ಕಿಗಳಲ್ಲಿ ಹೊಸಬರು ಮೊದಲು ಕಲಿಯಬೇಕಾದದ್ದು ಪಟ್ಟೆತಲೆ ಹೆಬ್ಬಾತು. ವೈಜ್ಞಾನಿಕ ಹೆಸರು ಆನ್ಸರ್ ಇಂಡಿಕಸ್. ಬಿಳಿ ತಲೆಯ ಹಿಂಬದಿಯಲ್ಲಿ ಎರಡು ಕಪ್ಪು ಪಟ್ಟೆಗಳಿರುತ್ತವೆ. ಮೇಲಿನದು ಒಂದು ಕಣ್ಣಿನಿಂದ ಹೊರಟು ತಲೆಯ ಹಿಂಭಾಗವನ್ನು ಬಳಸಿ ಇನ್ನೊಂದು ಕಣ್ಣಿನತ್ತ ಸಾಗುತ್ತದೆ, ಕೆಳಗಿನದು ಚಿಕ್ಕದು.

ಹೆಸರೇ ಪಟ್ಟೆಯದಾದರೂ ಕೆರೆ ಏರಿಯ ಮೇಲೆ ನಿಂತವರಿಗೆ ಅದು ಅಷ್ಟಾಗಿ ನೆರವಾಗುವುದಿಲ್ಲ. ದೂರದ ನೀರಿನಲ್ಲಿ ತಲೆಯನ್ನು ಬೆನ್ನಿಗೆ ಹುದುಗಿಸಿ ಮಲಗಿದ ಹಿಂಡಿನಲ್ಲಿ ಪಟ್ಟೆ ಕಾಣುವುದೇ ಅಪರೂಪ, ಮೇಲಾಗಿ ಮರಿ ಹಕ್ಕಿಗಳಿಗೆ ಅದು ಇನ್ನೂ ಮೂಡಿರುವುದಿಲ್ಲ. ಆದ್ದರಿಂದ ಕತ್ತು ಎತ್ತುವವರೆಗೆ ಕಾದು, ಕಡುಬೂದು ಕತ್ತಿನ ಪಕ್ಕದಲ್ಲಿ ಉದ್ದಕ್ಕೆ ಇಳಿದ ಬಿಳಿ ಗೆರೆಯನ್ನು ಹುಡುಕುವುದು ಮೇಲು. ಕೊಕ್ಕು ಮತ್ತು ಕಾಲು ಹಳದಿ ಮಿಶ್ರಿತ ಕಿತ್ತಳೆ, ಕೊಕ್ಕಿನ ತುದಿ ಕಪ್ಪು. ಉತ್ತರ ಭಾರತದಲ್ಲಿ ಇದರೊಡನೆ ಕಾಣುವ ಬೂದು ಹೆಬ್ಬಾತಿಗೆ ಕೊಕ್ಕೂ ಕಾಲೂ ಗುಲಾಬಿ ಬಣ್ಣದವು.

ಹಗಲು ಕೆರೆಯಲ್ಲಿ ಕಾಣುವುದು ಇದರ ಅರ್ಧ ಬದುಕು ಮಾತ್ರ. ಇದು ಮೀನು ಹಿಡಿಯುವ ಹಕ್ಕಿಯಲ್ಲ. ಹುಲ್ಲು, ಕಾಳು, ಎಳೆ ಪೈರುಗಳೇ ಇದರ ಆಹಾರ. ಹಗಲನ್ನು ನೀರಿನ ಆಸರೆಯಲ್ಲಿ ಕಳೆದು, ಸಂಜೆಯಿಂದ ಮುಂಜಾವಿನ ನಡುವಿನ ಹೊತ್ತಿನಲ್ಲೇ ಹೆಚ್ಚಾಗಿ ಹೊಲಗಳಿಗಿಳಿದು ಮೇಯುತ್ತದೆ. 2024ರಲ್ಲಿ, ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಮಾಗಡಿ ಕೆರೆಯ ಮಹತ್ವವನ್ನು ನೀರಿನ ಅಂಚಿಗೇ ನಿಲ್ಲಿಸಿ ಓದಿದರೆ ಈ ಹಕ್ಕಿಯ ಮಟ್ಟಿಗೆ ಅದು ಅಪೂರ್ಣ ಪಾಠವಾದೀತು.

ಇವು ಮರಿ ಮಾಡುವುದು ಮಂಗೋಲಿಯಾ, ಟಿಬೆಟ್, ಲಡಾಖ್‌ಗಳ ಎತ್ತರದ ಸರೋವರಗಳ ಬಳಿ. ಹಿಮಾಲಯವನ್ನು ದಾಟುವಾಗ ಇವು ಸದಾ ಶಿಖರಗಳ ಮೇಲೆಯೇ ಹಾರುತ್ತವೆ ಎಂಬ ಜನಪ್ರಿಯ ಚಿತ್ರ ಸರಿಯಲ್ಲ. ಉಪಗ್ರಹ ಸಾಧನ ಕಟ್ಟಿ ಹಿಂಬಾಲಿಸಿದಾಗ 7,000 ಮೀಟರಿಗಿಂತ ಮೇಲೇರಿದ ಹಕ್ಕಿಗಳೂ ಕಂಡಿವೆ, ಆದರೆ ಬಹುಪಾಲು ಪಯಣ ಅದಕ್ಕಿಂತ ಸಾಕಷ್ಟು ಕೆಳಗೆ, ನೆಲದ ಏರಿಳಿತವನ್ನೇ ಅನುಸರಿಸಿ ಸಾಗುತ್ತದೆ. ಒಮ್ಮೆ ಗಳಿಸಿದ ಎತ್ತರವನ್ನು ಹೀಗೆ ಬಿಟ್ಟುಕೊಡುವುದು ನಷ್ಟವೆನಿಸಬಹುದು. ಆದರೆ ತೆಳುಗಾಳಿಯಲ್ಲಿ ರೆಕ್ಕೆ ಬಡಿಯಲು ಬೇಕಾಗುವ ಶ್ರಮ ಅದಕ್ಕಿಂತ ದುಬಾರಿ. ಹಲವು ಹಿಂಡುಗಳು ತಂಪಾದ, ಹೆಚ್ಚು ಸಾಂದ್ರವಾದ ಗಾಳಿಯಿರುವ ರಾತ್ರಿ ಮತ್ತು ಬೆಳಗಿನ ಹೊತ್ತನ್ನು ಆರಿಸಿಕೊಳ್ಳುವುದೂ ಇದಕ್ಕೆ ಹೊಂದುತ್ತದೆ. ಜೊತೆಗೆ ಇದರ ರಕ್ತದಲ್ಲಿ ಆಮ್ಲಜನಕವನ್ನು ಸಾಗಿಸುವ ಹಿಮೋಗ್ಲೋಬಿನ್ ಬಯಲುನಾಡಿನ ಹೆಬ್ಬಾತುಗಳದ್ದಕ್ಕಿಂತ ಬಿಗಿಯಾಗಿ ಆಮ್ಲಜನಕವನ್ನು ಹಿಡಿಯುತ್ತದೆ.

ಮಂಗೋಲಿಯಾದಲ್ಲಿ ಗುರುತಿನ ಅಕ್ಷರಗಳಿರುವ ಕತ್ತುಪಟ್ಟಿ ತೊಡಿಸಿದ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿಯೂ ಕಂಡಿವೆ. ಹಾಗಾಗಿ ಕತ್ತಿನ ಬಿಳಿ ಗೆರೆಯನ್ನು ಹುಡುಕುವಾಗ ಪಟ್ಟಿಯೇನಾದರೂ ಕಂಡರೆ, ಅದರ ಬಣ್ಣ ಮತ್ತು ಅಕ್ಷರಗಳನ್ನು ಬರೆದಿಟ್ಟುಕೊಳ್ಳಬೇಕು.