ಕಾಡಿಗೆ ಮರಳಿದ ಹೊಂಗೇಸರದ ಕೋತಿಗೆ ಕಾಡೇ ಸಾಲದು

ಬ್ರೆಜಿಲ್‌ನ 20 ರಿಯಾಲ್ ನೋಟಿನ ಮೇಲೆ ಒಂದು ಪುಟ್ಟ ಕೋತಿಯ ಚಿತ್ರವಿದೆ: ಗೋಲ್ಡನ್ ಲಯನ್ ಟ್ಯಾಮರಿನ್. 1970ರ ದಶಕದಲ್ಲಿ ಸುಮಾರು 200 ಉಳಿದಿದ್ದವು. 2014ರ ಅಂದಾಜಿನಲ್ಲಿ 3,700, 2019ರಲ್ಲಿ 2,500, 2023ರಲ್ಲಿ 4,800. ಅಂಕಿಗಳು ಹೀಗೆ ಏಕೆ ಏರಿಳಿದವು ಎಂದು ತಿಳಿಯಲು ಅದರ ಬದುಕನ್ನೇ ನೋಡಬೇಕು.

ತೂಕ ಅರ್ಧ ಕಿಲೋಗಿಂತ ತುಸು ಹೆಚ್ಚು. ಬೋಳು ಮುಖದ ಸುತ್ತ ಹೊಂಬಣ್ಣದ ಕೇಸರ, ಮೈಗಿಂತ ಉದ್ದದ ಬಾಲ. ತೆಳ್ಳನೆಯ ಬೆರಳುಗಳನ್ನು ಮರದ ಬಿರುಕಿಗೆ, ಕೊಂಬೆಗಳ ಮೇಲೆ ಬೆಳೆಯುವ ಬ್ರೊಮೆಲಿಯಾಡ್ ಗಿಡಗಳ ಎಲೆಸಂದಿಗೆ ತೂರಿಸಿ ಹುಳುಹುಪ್ಪಟೆ ಹಿಡಿಯುತ್ತದೆ. ಹುಟ್ಟುವುದು ಹೆಚ್ಚಾಗಿ ಅವಳಿ ಮರಿಗಳು. ಹಾಲೂಡುವುದು ತಾಯಿ, ಹೊತ್ತು ತಿರುಗುವುದರಲ್ಲಿ ತಂದೆಗೂ ಹಿರಿಯ ಮರಿಗಳಿಗೂ ದೊಡ್ಡ ಪಾಲು. ಎಲ್ಲಿ ಹಣ್ಣು, ಯಾವ ಪೊಟರೆಯಲ್ಲಿ ಮಲಗುವುದು ಎಂಬುದೆಲ್ಲ ಈ ಕುಟುಂಬದೊಳಗೇ ಕಲಿಯುವ ವಿದ್ಯೆ.

ರಿಯೊ ಡಿ ಜನೈರೊ ರಾಜ್ಯದ ಕರಾವಳಿಯ ತಗ್ಗು ಕಾಡುಗಳನ್ನು ಬಿಟ್ಟರೆ ಇದಕ್ಕೆ ಬೇರೆ ನೆಲೆಯಿಲ್ಲ. ಕಬ್ಬು, ಕಾಫಿ, ದನಗಳ ಹುಲ್ಲುಗಾವಲು, ನಗರಗಳು ಶತಮಾನಗಳುದ್ದಕ್ಕೂ ಆ ಕಾಡನ್ನು ಚೂರುಚೂರಾಗಿಸಿದವು. ಸಾಕಲೆಂದು ಹಿಡಿದು ಮಾರುವವರೂ ಇದ್ದರು. 1960ರ ದಶಕದಲ್ಲಿ ಪ್ರಾಣಿವಿಜ್ಞಾನಿ ಅಡೆಲ್ಮಾರ್ ಕೊಯಿಂಬ್ರಾ ಫಿಲ್ಯೊ ಎಚ್ಚರಿಸಿದರು; 1974ರಲ್ಲಿ ಪೊಸೊ ದಾಸ್ ಆಂತಾಸ್ ಮೀಸಲು ಪ್ರದೇಶ ರೂಪುಗೊಂಡಿತು.

1984ರಲ್ಲಿ ಶುರುವಾದದ್ದು ಈ ಕಥೆಯ ಅತ್ಯಂತ ಕಷ್ಟದ ಅಧ್ಯಾಯ. ಮೃಗಾಲಯಗಳಲ್ಲಿ ಹುಟ್ಟಿದ ಕೋತಿಗಳನ್ನು ಕಾಡಿಗೆ ಬಿಡಲಾಯಿತು. ಅಲುಗದ ಕಂಬಗಳ ಮೇಲೆ ಬೆಳೆದಿದ್ದ ಅವು ತೂಗುವ ರೆಂಬೆಗಳಲ್ಲಿ ತಡವರಿಸಿದವು, ಆಹಾರ ಹುಡುಕಲಾರದೆ ಹೋದವು, ದಾರಿ ತಪ್ಪಿದವು; ಬಹಳಷ್ಟು ಸತ್ತವು. ಪಂಜರದಲ್ಲಿ ಕೊಟ್ಟ ತರಬೇತಿಯಿಂದ ಹೆಚ್ಚು ಪ್ರಯೋಜನವಾಗಲಿಲ್ಲ. ಬಿಟ್ಟ ಮೇಲೂ ತಿಂಗಳುಗಟ್ಟಲೆ ಆಹಾರವಿಟ್ಟು, ಬೆನ್ನಿಗೆ ನಿಂತು ನೋಡಿಕೊಂಡದ್ದೇ ಕೈಹಿಡಿಯಿತು. ಕಾಡಿನಲ್ಲೇ ಹುಟ್ಟಿದ ಅವುಗಳ ಮರಿಗಳು ಚೆನ್ನಾಗಿ ಬಾಳಿದವು. 2000ದ ಹೊತ್ತಿಗೆ ಹೀಗೆ ಬಿಟ್ಟ ಕೋತಿಗಳು 146. ಸಹನೆಯ ಇಂಥ ಕೆಲಸ ವನ್ಯಜೀವಿ ರಕ್ಷಣೆಯ ಚರಿತ್ರೆಯಲ್ಲಿ ಅಪರೂಪ. 2003ರಲ್ಲಿ ಅಳಿವಿನ ತೀವ್ರ ಅಪಾಯದ ಪಟ್ಟಿಯಿಂದ ಈ ಕೋತಿ ಅದಕ್ಕಿಂತ ಒಂದು ಮೆಟ್ಟಿಲು ಕಡಿಮೆ ಅಪಾಯದ ಪಟ್ಟಿಗೆ ಬಂತು.

2016ರ ಕೊನೆಯಲ್ಲಿ ಬ್ರೆಜಿಲ್‌ನ ಆಗ್ನೇಯ ಭಾಗಕ್ಕೆ ಹಳದಿ ಜ್ವರ ಹರಡಿತು. ಅದನ್ನು ಹರಡುವುದು ಸೊಳ್ಳೆ; ಆದರೂ ಭಯಗೊಂಡ ಜನ ಹಲವೆಡೆ ಕೋತಿಗಳನ್ನೇ ಕೊಂದರು. ಆ ಜ್ವರ ಕೋತಿಗಳಿಗೂ ತಗಲಿ, ಟ್ಯಾಮರಿನ್ ಸಂಖ್ಯೆ ಮೂರನೇ ಒಂದು ಪಾಲಿನಷ್ಟು ಕುಸಿಯಿತು. ಬಳಿಕ ಕೋತಿಗಳನ್ನು ಹಿಡಿದು ಲಸಿಕೆ ಹಾಕಲಾಯಿತು, ಸಂತತಿ ಚೇತರಿಸಿತು.

ಲಸಿಕೆಯಿಂದ ಕಾಡು ಬೆಳೆಯುವುದಿಲ್ಲ. ಬಿಆರ್-101 ಹೆದ್ದಾರಿಯ ಮೇಲೆ ಪ್ರಾಣಿಗಳು ದಾಟಲೆಂದು 2020ರಲ್ಲಿ ಕಟ್ಟಿ ಮುಗಿಸಿದ ಮರಗಿಡಗಳ ಸೇತುವೆಯಂಥ ಕೆಲಸ ಇನ್ನೂ ಎಷ್ಟೋ ಬೇಕು. ಒಂದು ತುಂಡು ಕಾಡಿನಲ್ಲಿ ಸಿಕ್ಕಿಬಿದ್ದ ಕುಟುಂಬದ ಮರಿ ಜೊತೆಗಾರರನ್ನು ಹುಡುಕಿ ಮತ್ತೊಂದು ತುಂಡಿಗೆ ಹೋಗಬೇಕಾದರೆ ನಡುವೆ ಹುಲ್ಲುಗಾವಲು ಅಡ್ಡ. ಆ ನೆಲದ ಬಹುಭಾಗ ಖಾಸಗಿಯವರದ್ದಾದ್ದರಿಂದ, ಮರಗಳ ಓಣಿ ಬೆಳೆಯುವುದು ಅಲ್ಲಿನ ರೈತರು ಒಪ್ಪಿದ ಕಡೆ ಮಾತ್ರ.